ಡಿಕ್ಕಿಯೊಳಗಿನ ವಕೀಲರು

ಸಂಗಮೇಶ ವಕೀಲರು ಇಂಡಿ ಊರಿನ ಯಾವ ರಸ್ತೆಯಲ್ಲಿ ಹೊರಟರೂ ಜನ ತಲೆ ಎತ್ತಿ ನೋಡುವ ಅಗತ್ಯವಿರಲಿಲ್ಲ. ಅವರ ಬಿಳಿ ಅಂಬಾಸಿಡರ್ ತಗ್ಗಿಗೆ ಇಳಿದಾಗಲೊಮ್ಮೆ ಹಿಂಬದಿಯಿಂದ ‘ಟಕ್-ಗುಡುಕ್’ ಎನ್ನುತ್ತಿತ್ತು. ರಸ್ತೆಯಲ್ಲಿ ತಗ್ಗಿಗೇನೂ ಬರವಿರಲಿಲ್ಲ. ಚಹಾದಂಗಡಿಯಲ್ಲಿ ಪೇಪರು ಓದುತ್ತ ಕೂತವರು ಪೇಪರು ಕೆಳಗಿಳಿಸದೆಯೇ “ವಕೀಲ್ರು ಕೋರ್ಟಿಗೆ ಹೊಂಟ್ರು ನೋಡು” ಅನ್ನುತ್ತಿದ್ದರು.

ಊರು ದಾಟಿದ ಮೇಲೆ ಇನ್ನೊಂದು ತಕರಾರು. ಮುಳ್ಳು ಐವತ್ತರ ಮೇಲೆ ಹೋಯಿತೆಂದರೆ ಇಡೀ ಕಾರು ಚಳಿಜ್ವರ ಹತ್ತಿದವರಂತೆ ನಡುಗಲು ಶುರುಮಾಡುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲಿಟ್ಟ ಕನ್ನಡಕ ತಾನಾಗಿಯೇ ನಡೆದುಕೊಂಡು ಹೋಗಿ ಕೆಳಗೆ ಬೀಳುತ್ತಿತ್ತು.

ಇದು 1999ರ ಮಾತು. ಕಾರಿಗೆ ಆಗ ಹದಿನೆಂಟು ವರ್ಷ, ವಕೀಲರಿಗೆ ನಲವತ್ತೆಂಟು. ನಾಲ್ಕು ತಾಲೂಕಿನ ಕೋರ್ಟುಗಳಲ್ಲಿ ಅವರ ಕೇಸುಗಳಿದ್ದವು. ಹಾಗಾಗಿ ಎರಡು ವರ್ಷದಿಂದ ನಾಲ್ಕು ತಾಲೂಕಿನ ಮೇಸ್ತ್ರಿಗಳಿಗೂ ಅವರ ಕಾರಿನ ಪರಿಚಯವಾಗುತ್ತ ಬಂದಿತ್ತು. ಇಂಡಿಯವನು ಶಾಕಪ್ಸರ್ ಬದಲಿಸಿದ. ಮುದ್ದೇಬಿಹಾಳದವನು ಎಂಜಿನ್ ಕೂರುವ ರಬ್ಬರು ಬದಲಿಸಿದ. ಬಸವನ ಬಾಗೇವಾಡಿಯವನು ಗಾಲಿಗಳ ತೂಕ ಸರಿದೂಗಲೆಂದು ಸೀಸದ ತುಂಡು ಬಡಿದು, “ಇನ್ನ ಮ್ಯಾಲ ಗಾಡಿ ತೊಟ್ಟಿಲಾ ತೂಗಿದಂಗ ಹೊಕ್ಕೈತ್ರಿ” ಅಂದ. ಪ್ರತಿ ಸಲವೂ ವಕೀಲರು ನಾಲ್ಕು ಮೈಲಿ ಖುಷಿಯಿಂದ ಬಂದರು. ಐದನೆಯ ಮೈಲಿಗೆ ‘ಟಕ್-ಗುಡುಕ್’.

ವಕೀಲರದು ಒಂದು ಸ್ವಭಾವ. ಹತ್ತಿದ ಕೆಲಸವನ್ನು ಬಿಡುವವರಲ್ಲ. ಪಾಟೀ ಸವಾಲಿಗೆ ನಿಂತರೆಂದರೆ ಸಾಕ್ಷಿ ಹೇಳುವವನು ತನ್ನ ಹೆಸರಿನ ಬಗ್ಗೆಯೇ ಅನುಮಾನಪಡುತ್ತ ಕೆಳಗಿಳಿಯುತ್ತಿದ್ದ. ಇಂಥವರಿಗೆ ತಮ್ಮದೇ ಕಾರಿನೊಳಗಿನ ಒಂದು ಸಪ್ಪಳ ಉತ್ತರ ಕೊಡದೆ ಆಟ ಆಡಿಸುತ್ತಿದ್ದುದು ಸಹಿಸದಾಯಿತು. ಊಟಕ್ಕೆ ಕೂತಾಗಲೂ ತಾಟಿನ ಮೇಲೆ ಬೆರಳಿನಿಂದ ‘ಟಕ್-ಗುಡುಕ್’ ಬಾರಿಸಿ, “ಮೊದಲ ಟಕ್ ಬರ್ತೈತಿ, ಆಮ್ಯಾಲ ಗುಡುಕ್. ಯಾಕ?” ಎಂದು ಹೆಂಡತಿಯನ್ನು ಕೇಳುತ್ತಿದ್ದರು.

ಹೆಂಡತಿ ವಿಜಯಶ್ರೀ ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. “ನೀವು ಮೊದಲ ರೊಟ್ಟಿ ಮುರೀರಿ, ಆಮ್ಯಾಲ ಪಲ್ಯ ಹಚ್ಚರಿ,” ಎಂದಷ್ಟೇ ಹೇಳುತ್ತಿದ್ದರು.

ಸಿಂದಗಿಯಲ್ಲಿ ಒಂದು ದಿನ ಕೇಸು ಬೇಗನೆ ಮುಂದಕ್ಕೆ ಹೋಯಿತು. ಕೋರ್ಟಿನ ಶಿಪಾಯಿ ಊರ ಹೊರಗಿನ ಗೈಬುಸಾಬನ ಗ್ಯಾರೇಜಿನ ಹೆಸರು ಹೇಳಿದ. ಗೈಬುಸಾಬನಿಗೆ ಮೂವತ್ತು ವರ್ಷ ಲಾರಿ ಎಂಜಿನ್ನುಗಳ ನಡುವೆ ದುಡಿದು ಎರಡೂ ಕಿವಿ ಮಂದವಾಗಿದ್ದವು. ಹಾಗಂತ ಗ್ಯಾರೇಜು ಮುಚ್ಚಿರಲಿಲ್ಲ. ಅವನ ಹೆಂಡತಿ ಶಮಶಾದಬಿ ಸೆರಗು ಬಿಗಿದುಕೊಂಡು ಬಂದು ನಿಂತಿದ್ದಳು. ಅವಳು ಕೇಳುತ್ತಿದ್ದಳು, ಅವನು ಬಿಚ್ಚುತ್ತಿದ್ದ. ಇಬ್ಬರ ನಡುವೆ ಮಾತು ಕೈಸನ್ನೆಯಲ್ಲೇ ನಡೆಯುತ್ತಿತ್ತು; ಜಗಳವೂ ಅದರಲ್ಲೇ.

ವಕೀಲರು ತಮ್ಮ ದೂರನ್ನು ಮೊದಲಿನಿಂದ ಹೇಳಿಕೊಂಡರು. ಶಮಶಾದಬಿ ನಡುವೆಯೇ ತಡೆದಳು.

“ಒಂದು ಮಾತು ಹೇಳ್ರಿ. ಗಾಡಿ ನಡಗುವಾಗ ಸ್ಟೇರಿಂಗ್ ನಡಗತೈತೋ, ಕುಂಡಿ ನಡಗತೈತೋ?”

ವಕೀಲರು ಹಿಂದೆ ಮುಂದೆ ನೋಡಿದರು. “ಅಂದ್ರ… ಸೀಟು ಅಂತೀರೇನು?”

“ಸೀಟಿಗೆ ಎಲ್ಲಿ ಜೀವ ಐತ್ರಿ? ಅದರ ಮ್ಯಾಲ ಕುಂತಾವ್ರನ್ನ ಕೇಳಾಕತ್ತೇನಿ.”

“ಹೂಂ. ಹಂಗಾದ್ರ… ಎರಡನೇದು.”

“ಅಂದ್ರ ಮುಂದಿನ ಗಾಲಿ ಪಾಪ ಏನೂ ಮಾಡಿಲ್ಲ. ಅವು ಕೆಟ್ಟಿದ್ರ ಸ್ಟೇರಿಂಗ್ ಕೈಯಾಗ ಕುಣೀತಿತ್ತು. ಐವತ್ತರಾಗ ಗೇರು ತಗದು ಬಿಟ್ರ ನಡುಕ ನಿಲ್ಲತೈತೇನು?”

“ಇಲ್ಲ, ನಡಗತಽ ಇರತೈತಿ.”

“ಹಂಗಾದ್ರ ಎಂಜಿನ್ನೂ ಬಿಡುಗಡಿ ಆತು.”

ಎರಡು ವರ್ಷ, ಮೂರು ಮೇಸ್ತ್ರಿಗಳು. ಇವಳು ಎರಡು ಪ್ರಶ್ನೆಗೆ ಇಬ್ಬರು ಆರೋಪಿಗಳನ್ನು ಖುಲಾಸೆ ಮಾಡಿದ್ದಳು. ವಕೀಲರಿಗೆ ಮೈ ಜುಮ್ಮೆಂದಿತು. ಇಂಥ ಪಾಟೀ ಸವಾಲನ್ನು ಅವರು ಹೈಕೋರ್ಟಿನಲ್ಲೂ ಕೇಳಿರಲಿಲ್ಲ.

ಗೈಬುಸಾಬ ಗಾಡಿ ಓಡಿಸಿದ, ಶಮಶಾದಬಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಳು. ಒಂದು ಸುತ್ತು ಹಾಕಿ ಬಂದು ತಲೆಯಾಡಿಸಿದಳು. “ನಡುಕ ತಿಳೀತು. ಎಂಜಿನ್ನಿಂದ ಹಿಂದಿನ ಗಾಲಿಗೆ ಹೋಗೋ ಉದ್ದನ್ನ ದಂಡ ಐತೆಲ್ಲ, ಅದರ ಜೋಡಣಿ ಸವದೈತಿ. ಆದ್ರ ಈ ಟಕ್-ಗುಡುಕ್ ಎಡಕ್ಕೋ ಬಲಕ್ಕೋ ತಿಳೀವಲ್ದು. ಡಿಕ್ಕಿ ಅಂದ್ರ ಡೊಳ್ಳು ಇದ್ದಂಗ, ಎಲ್ಲಿ ಬಡದ್ರೂ ಎಲ್ಲಾ ಕಡೆ ಕೇಳತೈತಿ. ಒಬ್ರು ಒಳಗ ಮಲಗಿ ಕೇಳಬೇಕು.”

“ಯಾರು ಮಲಗೋರು?”

“ದಿನಾ ನಾನಽ ಮಲಗ್ತೇನ್ರಿ. ನಿನ್ನಿಯಿಂದ ಸೊಂಟ ಹಿಡದೈತಿ. ಇವ್ರಿಗೆ ಕಿವಿ ಇಲ್ಲ. ಉಳದಾವ್ರು ನೀವಽ.”

“ನಾನು ವಕೀಲ, ಬಾಯಿ!”

“ಡಿಕ್ಕಿಗೆ ಡಿಗ್ರಿ ಬೇಕಾಗಿಲ್ರಿ.”

ವಕೀಲರು ಕರಿ ಕೋಟು ಬಿಚ್ಚಿ ಮಡಚಿಟ್ಟರು. ಸತ್ಯದ ಇಷ್ಟು ಹತ್ತಿರ ಬಂದು ವಾಪಸು ಹೋಗುವುದು ಅವರಿಂದ ಆಗುವ ಮಾತಾಗಿರಲಿಲ್ಲ. ಸ್ಟೆಪ್ನಿ ಗಾಲಿ, ಜಾಕು, ಯಾರೋ ಕಕ್ಷಿದಾರ ಕೊಟ್ಟ ಅರ್ಧ ಚೀಲ ನಿಂಬೆಹಣ್ಣು ಇವುಗಳ ನಡುವೆ ಮೊಣಕಾಲು ಮಡಚಿ ಮಲಗಿದರು. ಗಾಳಿಯಾಡಲೆಂದು ಗೈಬುಸಾಬ ಡಿಕ್ಕಿಯ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಟ್ಟು ಹಗ್ಗದಿಂದ ಕಟ್ಟಿದ.

“ಎಡಕ್ಕ ಬಂದ್ರ ಒಂದ್ ಸಲ ಗುದ್ರಿ, ಬಲಕ್ಕ ಬಂದ್ರ ಎರಡ ಸಲ,” ಎಂದು ಹೇಳಿ ಶಮಶಾದಬಿ ತನ್ನ ಜಾಗದಲ್ಲಿ ಕೂತಳು.

ಮೊದಲ ತಗ್ಗಿಗೇ ಗೊತ್ತಾಯಿತು. ಸಪ್ಪಳ ಅವರ ಎಡ ಪಕ್ಕೆಯ ಕೆಳಗೇ ಹುಟ್ಟಿ ಬಂತು. ವಕೀಲರು ಆನಂದದಿಂದ ಒಂದು ಗುದ್ದು ಹಾಕಿದರು. ಎರಡನೆಯ ತಗ್ಗಿಗೆ ಮತ್ತೊಂದು. ಮೂರನೆಯ ತಗ್ಗು ದೊಡ್ಡದಿತ್ತು. ನಿಂಬೆಹಣ್ಣಿನ ಚೀಲದ ಬಾಯಿ ಬಿಚ್ಚಿತು, ಸ್ಟೆಪ್ನಿ ಗಾಲಿ ಎದ್ದು ಪಕ್ಕೆಲುಬಿಗೆ ಬಡಿಯಿತು. ನಿಂಬೆಹಣ್ಣುಗಳು ಕೊರಳ ಕೆಳಗೆ, ಅಂಗಿಯ ಒಳಗೆ, ಎಲ್ಲೆಂದರಲ್ಲಿ ಉರುಳತೊಡಗಿದವು. ಮಧ್ಯಾಹ್ನದ ಬಿಸಿಲಿಗೆ ತಗಡು ಹಂಚಿನಂತೆ ಕಾದಿತ್ತು. ತಿಳಿಯಬೇಕಾದದ್ದು ತಿಳಿದಾಗಿತ್ತು, ಇನ್ನು ಹೊರಗೆ ಬಂದರೆ ಸಾಕಾಗಿತ್ತು. ವಕೀಲರು ಎರಡೂ ಮುಷ್ಟಿಯಿಂದ ಗುದ್ದತೊಡಗಿದರು.

ಶಮಶಾದಬಿ ಹಿಂದಿನ ಸೀಟಿನಲ್ಲಿ ಲೆಕ್ಕ ಹಿಡಿದಳು. “ಎಡ… ಬಲ… ಎಡ… ಬಲ… ಅಯ್ಯ! ಎರಡೂ ಕಡೆ ಹೋಗೈತೇನ ಇವರ್ದು?” ಎಂದುಕೊಂಡು, ಗಂಡನ ಹೆಗಲು ತಟ್ಟಿ ಬೆರಳು ತಿರುಗಿಸಿದಳು: ಇನ್ನೊಂದು ಸುತ್ತು.

ಮುಂದೆ ಕುರಿಹಿಂಡೊಂದು ರಸ್ತೆ ದಾಟುತ್ತಿತ್ತು. ಗೈಬುಸಾಬ ಗಾಡಿ ನಿಲ್ಲಿಸಿ ಹಾರ್ನ್ ಒತ್ತಿದ. ತನಗೆ ಕೇಳದ್ದರಿಂದ ಹಾರ್ನ್ ಒತ್ತಿದರೆ ಅವನು ಕೈ ಎತ್ತುವುದನ್ನು ಮರೆಯುತ್ತಿದ್ದ. ಆ ಹಾರ್ನಿನಲ್ಲಿ ಡಿಕ್ಕಿಯಿಂದ ಬಂದ “ಸಾಕಾತು! ನನ್ನ ಹೊರಗ ತಗೀರಿ!” ಎಂಬ ಕೂಗು ಶಮಶಾದಬಿಯ ಕಿವಿಗೂ ಬೀಳಲಿಲ್ಲ. ಬಿದ್ದದ್ದು ಕಾರಿನ ಹಿಂದೆ ನಿಂತಿದ್ದ ಕುರಿಗಾರನಿಗೆ.

ಅವನು ದುಂಡೇಶ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯ ಕಡೆಯವನು, ಮೇವು ಹುಡುಕಿಕೊಂಡು ಹಿಂಡಿನ ಜೊತೆ ಇಲ್ಲಿಯವರೆಗೆ ಬಂದಿದ್ದ. ಅವನ ಹೊಲದ ಕೇಸನ್ನು ಆರು ವರ್ಷದಿಂದ ನಡೆಸುತ್ತಿದ್ದವರು ಸಂಗಮೇಶ ವಕೀಲರೇ. ಆ ದನಿ ಅವನಿಗೆ ಗೊತ್ತು. ಡಿಕ್ಕಿಯ ಸಂದಿನಿಂದ ಹೊರಬಂದು ಒದ್ದಾಡುತ್ತಿದ್ದ ಬೆರಳಲ್ಲಿನ ಹಸಿರು ಹರಳಿನ ಉಂಗುರವೂ ಗೊತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಕಾರು ಹೋಗಿಬಿಟ್ಟಿತು.

ದುಂಡೇಶ ಒಂದು ಮೈಲಿ ಓಡಿ ಎಸ್‌ಟಿಡಿ ಬೂತಿಗೆ ಹೋಗಿ ವಕೀಲರ ಮನೆಗೆ ಫೋನು ಹಚ್ಚಿದ. ವಿಜಯಶ್ರೀ ಆ ದಿನ ರಜೆ ಹಾಕಿ ಮನೆಯಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದರು.

“ಅಕ್ಕಾರ, ಸಾಹೇಬ್ರನ್ನ ಯಾರೋ ಡಿಕ್ಕ್ಯಾಗ ಹಾಕ್ಕೊಂಡು ಒಯ್ಯಾಕತ್ತಾರ್ರಿ!”

ವಿಜಯಶ್ರೀ ಕೇಳಿದರು: “ನಮ್ಮ ಕಾರಿಂದಽ ಡಿಕ್ಕಿ ಏನು?”

“ಹೌದ್ರಿ.”

“ಯಾರೂ ಹಾಕಿರಾಂಗಿಲ್ಲ ತಮ್ಮಾ. ಅವರಽ ಹೊಕ್ಕಿರ್ತಾರ.”

ದುಂಡೇಶ ಫೋನಿಟ್ಟು ಬೂತಿನವನ ಕಡೆ ತಿರುಗಿದ. “ಪಾಪ, ಅಕ್ಕಾರಿಗೆ ತಲಿ ತಿರಗೇತಿ.”

ಬೂತಿನವನು ಪೊಲೀಸರಿಗೆ ಫೋನು ಮಾಡಿದ. ಸರದಿಯಲ್ಲಿ ನಿಂತಿದ್ದವರು ತಂತಮ್ಮ ಊರಿಗೆ ಮಾಡಿದರು. ಅರ್ಧ ಗಂಟೆಯಲ್ಲಿ ವಕೀಲರು ಮುದ್ದೇಬಿಹಾಳದಲ್ಲಿ ಕೈಕಾಲು ಕಟ್ಟಿಸಿಕೊಂಡಿದ್ದರು. ಬಸವನ ಬಾಗೇವಾಡಿಯಲ್ಲಿ ಅವರ ಕಣ್ಣಿಗೂ ಬಟ್ಟೆ ಬಿಗಿಯಲಾಗಿತ್ತು. ಸುದ್ದಿ ಇಂಡಿಗೆ ಮುಟ್ಟುವಾಗ ಅವರು ಏಕಾಂಗಿಯಾಗಿ ಐದು ಜನರ ಜೊತೆ ಹೊಡೆದಾಡಿಯೂ ಆಗಿತ್ತು.

ಇತ್ತ ಗ್ಯಾರೇಜಿನಲ್ಲಿ ಹಗ್ಗ ಬಿಚ್ಚಿದಾಗ ವಕೀಲರು ನಿಂಬೆಹಣ್ಣುಗಳ ಜೊತೆ ಹೊರಗುರುಳಿದರು. ಎರಡು ಲೋಟ ನೀರು ಕುಡಿದು, ಮೂರನೆಯದನ್ನು ತಲೆಯ ಮೇಲೆ ಸುರಿದುಕೊಂಡು ಹೇಳಿದರು: “ಎಡಗಡೆ. ಬರೇ ಎಡಗಡೆ.”

“ಮತ್ತ ಬಲಕ್ಕ ಯಾಕ ಗುದ್ದಿದ್ರಿ?”

“ಅದು ಸಪ್ಪಳಲ್ಲ, ಬಾಯಿ. ಅದು ನನ್ನ ಜೀವ!”

ಗೈಬುಸಾಬ ಎಡಗಡೆ ಹಿಂದಿನ ಪಟ್ಟಿ ಸ್ಪ್ರಿಂಗಿನ ತುದಿಗೆ ಹಾರೆ ಹಾಕಿ ಎತ್ತಿದ. ಸ್ಪ್ರಿಂಗ್ ಒಂದು ಬೆರಳಷ್ಟು ಮೇಲೆದ್ದು ‘ಟಕ್’ ಎಂದಿತು, ಬಿಟ್ಟಾಗ ‘ಗುಡುಕ್’. ಸ್ಪ್ರಿಂಗನ್ನು ಕಾರಿಗೆ ತೂಗುಹಾಕುವ ಜಾಗದಲ್ಲಿದ್ದ ರಬ್ಬರಿನ ಬುಷ್ ಹಳೆಯ ಚಪ್ಪಲಿಯ ಹಿಮ್ಮಡಿಯಂತೆ ಸವೆದುಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ವಕೀಲರಿಗೆ ತಡೆಯಲಾಗಲಿಲ್ಲ. ಬಿಳಿ ಅಂಗಿಯಲ್ಲೇ ಕಾರಿನ ಅಡಿಗೆ ನುಸುಳಿ ತಾವೇ ಹಾರೆ ಹಿಡಿದರು. ಟಕ್. ಗುಡುಕ್. ಟಕ್. ಗುಡುಕ್. ಎರಡು ವರ್ಷದ ವೈರಿಯನ್ನು ಕೈಯಲ್ಲಿ ಹಿಡಿದು ಆಡಿಸುವ ಸುಖವೇ ಬೇರೆ.

ಆಗಲೇ ಬಿಳಿ ಕಾರನ್ನು ಹುಡುಕುತ್ತ ಪೊಲೀಸ್ ಜೀಪು ಬಂತು. ಫೌಜದಾರರ ಹಿಂದೆ ಇಳಿದ ದುಂಡೇಶನಿಗೆ ಮೊದಲು ಕಂಡದ್ದು ಕಾರಿನ ಕೆಳಗಿಂದ ಹೊರಚಾಚಿದ್ದ ಎರಡು ಕಾಲು.

“ಅಯ್ಯೋ, ಕೊಂದ ಹಾಕ್ಯಾರಲ್ರೀ!” ಎಂದು ಅವನು ಆ ಕಾಲುಗಳನ್ನು ಹಿಡಿದು ಎಳೆದ. ವಕೀಲರು ಎಣ್ಣೆ ಬಳಿದ ಮುಖದಲ್ಲಿ, ಕೈಯಲ್ಲಿ ಹಾರೆ ಹಿಡಿದುಕೊಂಡು ಹೊರಬಂದರು. ಸುತ್ತ ಆಗಲೇ ನಲವತ್ತು ಜನ ಸೇರಿದ್ದರು.

“ವಕೀಲ್ರ, ಹೆದರಬ್ಯಾಡ್ರಿ,” ಎಂದರು ಫೌಜದಾರರು. “ಡಿಕ್ಕ್ಯಾಗ ನಿಮ್ಮನ್ನ ಹಾಕಿದವರು ಯಾರು?”

ಸಂಗಮೇಶ ವಕೀಲರು ಜನರನ್ನು ನೋಡಿದರು. ಅವರಲ್ಲಿ ಮೂವರು ಅವರ ಕಕ್ಷಿದಾರರು, ಒಬ್ಬ ಕೋರ್ಟಿನ ಕಾರಕೂನ. ಜೀವನದಲ್ಲಿ ಮೊದಲ ಸಲ ಅವರಿಗೆ ಒಂದು ನೇರ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಯಿತು. ಗಂಟಲು ಸರಿಪಡಿಸಿಕೊಂಡು, “ಅದು… ಒಂದು ತನಿಖೆಯ ಸಲುವಾಗಿ…” ಎಂದು ನಿಲ್ಲಿಸಿದರು.

ಫೌಜದಾರರು ಅರ್ಥವಾದವರಂತೆ ತಲೆಯಾಡಿಸಿ ಪೇದೆಗೆ ಸನ್ನೆ ಮಾಡಿದರು. ಪೇದೆ ಗೈಬುಸಾಬನ ರಟ್ಟೆ ಹಿಡಿದ. ಏನು ನಡೆಯುತ್ತಿದೆ ಎಂದು ಕೇಳಿಸದ ಗೈಬುಸಾಬ, ಜೀಪು ರಿಪೇರಿಗೆ ಬಂದಿದೆ ಎಂದುಕೊಂಡು ನಟ್ಟು ಬಿಚ್ಚುವ ಪಾನಾ ಹಿಡಿದು ನಗುತ್ತ ಅದರ ಕಡೆ ಹೊರಟ.

ಶಮಶಾದಬಿ ವಕೀಲರ ಎದುರಿಗೆ ಬಂದು ನಿಂತಳು. “ನೂರಾ ಎಂಟು ಮಂದಿ ಸಲುವಾಗಿ ಬಾಯಿ ಬಡಕೋತೀರಿ. ನಮ್ಮ ಸಲುವಾಗಿ ಒಂದು ಮಾತು ಬರವಲ್ದೇನ್ರಿ?”

ವಕೀಲರಿಗೆ ಎಣ್ಣೆಯ ಅಡಿಯಲ್ಲೂ ಮುಖ ಕೆಂಪಾದದ್ದು ತಿಳಿಯಿತು. “ಬಿಡ್ರಿ ಅವನ್ನ!” ಎಂದು ಕೋರ್ಟಿನ ದನಿಯಲ್ಲಿ ಕೂಗಿದರು. “ಯಾರೂ ಹಾಕಿಲ್ಲ. ನಾನಽ ಹೊಕ್ಕಿದ್ದೆ. ನನ್ನ ಕಾರಿನ ಸಪ್ಪಳ ಕೇಳಾಕ.”

ಫೌಜದಾರರು ಹತ್ತಿರ ಬಂದು ಮೆಲ್ಲಗೆ ಕೇಳಿದರು. “ಬೆದರಿಕೆ ಹಾಕ್ಯಾರೇನು? ಕಣ್ಣು ಮಿಟಕಿಸಿದ್ರ ಸಾಕು.”

“ಕಣ್ಣಾಗ ಎಣ್ಣಿ ಬಿದ್ದೈತಿ, ಅದಕ್ಕ ಮಿಟಕಾಕತ್ತೈತಿ!”

“ಬಿ.ಎ., ಎಲ್‌ಎಲ್‌ಬಿ ಓದಿದಾವ್ರು ತಾವಾಗಿ ಡಿಕ್ಕ್ಯಾಗ ಹೊಕ್ಕಾರು ಅಂದ್ರ ನಾನು ಹೆಂಗ ಬರಕೊಳ್ಳಲಿ? ಅದರಾಗ ನೀವು ಹಿಡಸೂದಽ ಇಲ್ಲ.”

ಸಾಕ್ಷ್ಯವಿಲ್ಲದ ಮಾತನ್ನು ವಕೀಲರೂ ನಂಬುತ್ತಿರಲಿಲ್ಲ. ಅವರು ಹಾರೆ ಕೆಳಗಿಟ್ಟರು. ನಲವತ್ತು ಜನರ ಎದುರಿಗೆ ಒಂದು ಕಾಲು ಎತ್ತಿ ಡಿಕ್ಕಿಯ ಒಳಗಿಟ್ಟರು, ಮೊಣಕಾಲು ಮಡಚಿದರು, ತಲೆ ತಗ್ಗಿಸಿದರು, ಸ್ಟೆಪ್ನಿ ಗಾಲಿಯನ್ನು ಅಪ್ಪಿಕೊಂಡು ಮಲಗಿದರು. ಒಳಗಿಂದ ದನಿ ಬಂತು: “ಬರಕೋರಿ. ಸ್ವಖುಷಿಯಿಂದ.”

ನಗು ಮೊದಲು ಶಮಶಾದಬಿಯಿಂದ ಹೊರಟಿತು. ಆಮೇಲೆ ಪೇದೆಗೆ ಹತ್ತಿತು, ಆಮೇಲೆ ಎಲ್ಲರಿಗೂ. ದುಂಡೇಶ ಒಬ್ಬನೇ ನಗಲಿಲ್ಲ. ವಕೀಲರ ಕೈಹಿಡಿದು ಹೊರಗೆಳೆಯುತ್ತ, “ಸಾಹೇಬ್ರ, ನನ್ನ ಕೇಸಿನ್ಯಾಗೂ ಇಷ್ಟು ಒಳಗ ಹೊಕ್ಕ ನೋಡ್ರಲ್ಲ,” ಎಂದ. ವಕೀಲರು ಮುಂದಿನ ತಾರೀಖಿಗೆ ಹೊಲವನ್ನು ಖುದ್ದಾಗಿ ಅಡ್ಡಾಡಿ ನೋಡುವುದಾಗಿ ಅಲ್ಲೇ ಮಾತು ಕೊಟ್ಟರು.

ಸಂಜೆಗೆ ಹೊಸ ಬುಷ್ ಕೂತಿತು, ದಂಡದ ಜೋಡಣೆಯೂ ಬದಲಾಯಿತು. ವಕೀಲರು ಅರವತ್ತರ ವೇಗದಲ್ಲಿ ಇಂಡಿಗೆ ಬಂದರು. ಕನ್ನಡಕ ಇಟ್ಟಲ್ಲೇ ಕೂತಿತ್ತು. ಸಪ್ಪಳವಿಲ್ಲದ್ದರಿಂದ ಅವರು ಬಂದದ್ದು ಊರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮನೆಯ ಮುಂದೆ ಸೇರಿದ್ದ ಸಹೋದ್ಯೋಗಿಗಳು ಅಪಹರಣವನ್ನು ಖಂಡಿಸುತ್ತಿರುವಾಗ ಅವರು ಗುಂಪಿನ ಹಿಂದೆಯೇ ನಿಂತು ಕಾಲು ಗಂಟೆ ಕೇಳಿದರು.

ಗೊತ್ತಾದ ಮೇಲೆ ಹಾರ ಬಿತ್ತು. ವಕೀಲರು ನಡೆದದ್ದನ್ನು ಇದ್ದಂತೆಯೇ ಹೇಳಿದರು. ಒಬ್ಬರೂ ನಂಬಲಿಲ್ಲ. “ಎಂಥಾ ದೊಡ್ಡ ಗುಣ ನೋಡ್ರಿ, ಒಯ್ದಾವ್ರ ಹೆಸರೂ ಹೇಳವಲ್ರು,” ಎಂದರು ಹಿರಿಯರೊಬ್ಬರು. ವಿಜಯಶ್ರೀ ಎಲ್ಲರಿಗೂ ಚಹಾ ಕೊಡುತ್ತ, “ನಾ ಮಧ್ಯಾಹ್ನದಾಗಽ ಹೇಳಿದ್ದೆ,” ಎಂದರು. ಅದನ್ನೂ ಯಾರೂ ನಂಬಲಿಲ್ಲ. ಎತ್ತಿಕೊಂಡು ಹೋಗುವಷ್ಟು ಮಹತ್ವದ ವಕೀಲರೆಂದು ನಾಲ್ಕೂ ತಾಲೂಕಿನಿಂದ ಹೊಸ ಕೇಸುಗಳು ಬರತೊಡಗಿದವು. ಸಂಗಮೇಶ ವಕೀಲರು ಪ್ರತಿಯೊಬ್ಬರಿಗೂ ನಿಜ ಹೇಳಿ ಹೇಳಿ ಸಾಕಾಗಿ, ಕೊನೆಗೆ ಫೈಲು ತೆರೆದು ಕೂರುತ್ತಿದ್ದರು.

ಹದಿನೈದು ದಿನ ಬಿಟ್ಟು ಸಿಂದಗಿಯ ಗ್ಯಾರೇಜಿಗೆ ಇನ್ನೊಬ್ಬ ವಕೀಲರು ಬಂದರು. ಹೆಸರು ಸಂಜೀವಕುಮಾರ. ಸಂಗಮೇಶ ವಕೀಲರ ಎದುರು ಸದಾ ಸೋಲುತ್ತಿದ್ದವರು. ಶಮಶಾದಬಿ ಅವರ ಕಾರನ್ನು ಒಂದು ಸುತ್ತು ಹಾಕಿಸಿ, ಕಣ್ಣು ಮುಚ್ಚಿ ಕೇಳಿ, “ಹೊಸಾ ಗಾಡಿ ಐತ್ರಿ. ಎಲ್ಲೂ ಸಪ್ಪಳಿಲ್ಲ, ನಡುಕಿಲ್ಲ,” ಎಂದಳು.

ಸಂಜೀವಕುಮಾರರು ಕೋಟು ಬಿಚ್ಚಿ ಮಡಚುತ್ತ ಆಚೀಚೆ ನೋಡಿ ದನಿ ತಗ್ಗಿಸಿದರು.

“ಸಪ್ಪಳ ಇಲ್ಲದಿದ್ರ ಬಿಡ್ರಿ, ಬಾಯಿ. ನನ್ನ ಡಿಕ್ಕ್ಯಾಗ ಹಾಕ್ಕೊಂಡು ಕೋರ್ಟಿನ ಮುಂದ ಎರಡ ಸುತ್ತು ಹೊಡೀರಿ. ಸಾವಕಾಶ ಹೊಡೀರಿ ಮತ್ತ. ಮಂದಿಗೆ ಕಾಣಬೇಕು.”