ಕತ್ತಿನ ಅಳತೆ

ಅಳತೆ ತೆಗೆಯದೆ ಕತ್ತರಿ ಹಿಡಿಯುವುದು ದರ್ಜಿಗೆ ಗೊತ್ತಿರಲಿಲ್ಲ. ಆ ಗುರುವಾರ ಅದೇ ಅವನ ಕುತ್ತಿಗೆಗೆ ಬಂತು.

ಊರು ಶತ್ರುಸೈನ್ಯದ ಕೈಗೆ ಸಿಕ್ಕಿ ಏಳು ತಿಂಗಳಾಗಿತ್ತು. ಊರ ಶಾಲೆ ಈಗ ಸೆರೆಮನೆ. ಅಲ್ಲಿ ನಮ್ಮ ಸೈನ್ಯದ ಹತ್ತು ಮಂದಿ ಗಾಯಾಳುಗಳಿದ್ದರು, ಹನ್ನೊಂದನೆಯವಳು ದರ್ಜಿಯ ಮಗಳು. ನರ್ಸು. ಅವರನ್ನು ಆಸ್ಪತ್ರೆಯ ಉಗ್ರಾಣದಲ್ಲಿ ಬಚ್ಚಿಟ್ಟು ಮದ್ದು ಹಾಕಿದ ತಪ್ಪಿಗೆ ಅವಳನ್ನೂ ಎಳೆದೊಯ್ದಿದ್ದರು. ಶುಕ್ರವಾರ ಹನ್ನೊಂದು ಜನಕ್ಕೂ ಗುಂಡು ಎಂದು ಚೌಕದ ಗೋಡೆಗೆ ಕಾಗದ ಅಂಟಿಸಿದ್ದರು.

ಬಿಡಿಸಿಕೊಂಡು ಹೋಗಲು, ನಮ್ಮ ಸೈನ್ಯವಿದ್ದ ಹೊಳೆಯಾಚೆಯಿಂದ ಬಂದವರು ನಾಲ್ಕೇ ಮಂದಿ, ಒಬ್ಬ ಕ್ಯಾಪ್ಟನ್, ಮೂವರು ಸಿಪಾಯಿಗಳು. ಮೂರು ದಿನದಿಂದ ದರ್ಜಿಯ ಅಟ್ಟದ ಮೇಲಿದ್ದರು. ಪ್ರತಿ ಗುರುವಾರ ಶತ್ರುಗಳ ಲಾರಿ ಅಂಗಡಿಗೆ ಬಂದು, ರಿಪೇರಿಯಾದ ಸಮವಸ್ತ್ರದ ಗಂಟುಗಳ ಜೊತೆ ದರ್ಜಿಯನ್ನೂ ಹತ್ತಿಸಿಕೊಂಡು ಶಾಲೆಗೆ ಹೋಗುತ್ತಿತ್ತು, ಹರಿದ ಬಟ್ಟೆಯ ಗಂಟುಗಳನ್ನು ತುಂಬಿಕೊಂಡು ಮರಳುತ್ತಿತ್ತು. ಲಾರಿಯವರು ವಾರವಾರಕ್ಕೂ ಬೇರೆ ಮುಖ. ಈ ವಾರದವರನ್ನು ಅಂಗಡಿಯ ಹಿಂದೆ ಕಟ್ಟಿಹಾಕಿ ಇವರು ಹೋಗುವುದು, ಒಳಗಿನ ಕಾವಲಿನವರನ್ನು ಸದ್ದಿಲ್ಲದೆ ಕೋಣೆಯಲ್ಲಿ ಕೂಡಿಹಾಕುವುದು, ಗಂಟುಗಳಡಿ ಹನ್ನೊಂದು ಜನರನ್ನು ಮಲಗಿಸಿಕೊಂಡು ಸೇತುವೆ ದಾಟಿ ಆಚೆ ದಡ ಸೇರುವುದು, ಇದು ಉಪಾಯ. ರಿಪೇರಿಗೆ ಬಂದ ಅಂಗಿಗಳ ಎದೆಯ ಮೇಲೆ ಶಾಲೆಯ ಕಾವಲಿನವರ ನಂಬರು ಅಚ್ಚಾಗಿತ್ತು, ಅವನ್ನು ತೊಟ್ಟರೆ ಸಿಕ್ಕಿಬೀಳುವುದು ಖಂಡಿತ. ಲಾರಿಯವರ ಬಟ್ಟೆ ಹೊಡೆದಾಟದಲ್ಲಿ ಹರಿಯದೆ ಉಳಿಯುವ ಭರವಸೆಯೂ ಇರಲಿಲ್ಲ. ಹಾಗಾಗಿ ತೇಪೆಗೆಂದು ಶತ್ರುಗಳೇ ಕೊಟ್ಟಿದ್ದ ಬಟ್ಟೆಯ ಥಾನಿನಲ್ಲಿ ಹೊಸದಾಗಿ ನಾಲ್ಕು ಜೊತೆ ಹೊಲಿಯಬೇಕಾಯಿತು.

ದರ್ಜಿ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಟೇಪು ಹಿಡಿದ. ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು.

"ಇವರೇನು ಹೆಣ್ಣು ನೋಡೋಕೆ ಹೋಗ್ತಿದಾರಾ? ಕಣ್ಣಳತೇಲಿ ಕತ್ತರಿಸಿ ಹೊಲಿದು ಬಿಸಾಕಿ ಅಂದ್ರೆ."

"ಜೋಲಾಡೋ ಅಂಗಿ ಈ ಅಂಗಡಿಯಿಂದ ಆಚೆ ಹೋಗಿಲ್ಲ ಕಣೇ. ಹೋಗೋದೂ ಇಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು. ಮಗಳ ಜೀವ ನೂಲಿನಲ್ಲಿ ನೇತಾಡುತ್ತಿದ್ದರೂ ಮನುಷ್ಯ ಕಾಲರಿಗೆ ಎರಡನೇ ಸಾಲು ಹೊಲಿಗೆ ಹಾಕಿದ. ಗುರುವಾರ ಬೆಳಿಗ್ಗೆ ಹೆಂಡತಿಯನ್ನು ದೋಣಿ ಹತ್ತಿಸಿ, "ಆಚೆ ದಡದಲ್ಲಿ ಕಾಯ್ತಾ ಇರು, ಮಧ್ಯಾಹ್ನ ಇಬ್ಬರೂ ಬರ್ತೀವಿ" ಎಂದ.

ಲಾರಿ ಶಾಲೆಯ ಗೇಟಿನ ಮುಂದೆ ನಿಂತಾಗ ಬಿಸಿಲು ನೆತ್ತಿಗೇರಿತ್ತು. ಗೇಟಿನಲ್ಲಿ ಇದ್ದವನು ಒಬ್ಬನೇ ಹವಾಲ್ದಾರ, ಅವನ ಕೈಗೆಟುಕುವಂತೆ ಅಪಾಯದ ಗಂಟೆಯ ಹಗ್ಗ. ಅವನನ್ನು ನೋಡಿದ್ದೇ ತಡ, ದರ್ಜಿಗೆ ತನ್ನ ತಪ್ಪು ಕಂಡಿತು. ಹವಾಲ್ದಾರನ ಅಂಗಿಯ ತೋಳು ಬೆರಳ ತುದಿಯವರೆಗೆ ಇಳಿಬಿದ್ದಿತ್ತು. ಪ್ಯಾಂಟನ್ನು ಮೂರು ಸಲ ಮಡಚಿದ್ದ. ಆ ಸೈನ್ಯದಲ್ಲಿ ಎಲ್ಲರದ್ದೂ ಅದೇ ಪಾಡು, ಗೋದಾಮಿನಿಂದ ಬಂದದ್ದನ್ನು ಹಾಗೇ ತೊಡುವುದು. ಏಳು ತಿಂಗಳು ಅವೇ ಗೋಣಿಚೀಲಗಳಿಗೆ ತೇಪೆ ಹಾಕಿದ ತನಗೆ ಇದು ಹೊಳೆಯಲಿಲ್ಲವಲ್ಲ! ಲಾರಿಯಿಂದಿಳಿದ ನಾಲ್ವರೂ ಮದುಮಕ್ಕಳ ಹಾಗೆ ನಿಂತಿದ್ದರು.

ಹವಾಲ್ದಾರ ಕ್ಯಾಪ್ಟನ್ನನ ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಹದಿನೈದು ವರ್ಷ ಆಯ್ತು ನಾನು ಸೈನ್ಯ ಸೇರಿ. ಇಂಥ ಅಂಗಿ ಜನರಲ್ಲುಗಳ ಮೈಮೇಲೆ ಮಾತ್ರ ನೋಡಿದೀನಿ. ಯಾರಯ್ಯ ನೀವು?"

ಅವನ ಇನ್ನೊಂದು ಕೈ ಹಗ್ಗದತ್ತ ಸರಿಯಿತು. ದರ್ಜಿ ಲಾರಿಯಿಂದ ಧುಮುಕಿದ.

"ತಪ್ಪಾಯ್ತು ಸಾರ್, ಇವರದ್ದೇನಿಲ್ಲ, ನಂದೇ. ಎರಡು ಸೇರು ಸಕ್ಕರೆ ತಂದುಕೊಟ್ರು. ಆಸೆಗೆ ಬಿದ್ದು ಮೈಗೆ ಸರಿಯಾಗಿ ಹೊಲಿದುಕೊಟ್ಟೆ. ಸಾಹೇಬರಿಗೆ ಹೇಳಬೇಡಿ."

ಹವಾಲ್ದಾರ ಹಗ್ಗ ಬಿಟ್ಟ. ಮುಖದ ಮೇಲೆ ಅನುಮಾನವಿದ್ದ ಕಡೆ ಈಗ ಬರಿಯ ಹೊಟ್ಟೆಕಿಚ್ಚು.

"ಮೊನ್ನೆ ಮೊನ್ನೆ ಬಂದ ಸಿಪಾಯಿಗಳಿಗೆ ಇದು, ನನಗೆ ಈ ಚೀಲ?"

"ಈಗಲೇ ಅಳತೆ ತಗೋತೀನಿ ಸಾರ್. ನಿಮ್ಮಿಂದ ಸಕ್ಕರೆ ಗಿಕ್ಕರೆ ಏನೂ ಬೇಡ."

ಲಾರಿ ಒಳಗೆ ಹೋಯಿತು. ಬೀಸುವ ದೊಣ್ಣೆ ತಪ್ಪಿತ್ತು. ದರ್ಜಿ ಕೊರಳಿನ ಟೇಪು ತೆಗೆದು ಗಟ್ಟಿಯಾಗಿ ಅಳತೆ ಕೂಗತೊಡಗಿದ. ಅಂಗಡಿಯಲ್ಲೂ ಹಾಗೆಯೇ. ಅವನು ಕೂಗಿದ್ದನ್ನು ಮಗಳು ಎಂಟನೇ ವಯಸ್ಸಿನಿಂದ ಬರೆದುಕೊಳ್ಳುತ್ತಿದ್ದಳು.

"ಕತ್ತು ಹದಿನಾರು. ಭುಜ ಹದಿನೆಂಟು. ಎದೆ ನಲವತ್ತು."

ಒಳಗಿನಿಂದ ಏನೂ ಕೇಳಿಸಲಿಲ್ಲ. ಗುಂಡಿನ ಸದ್ದೂ ಇಲ್ಲ, ಕೂಗೂ ಇಲ್ಲ. ತೋಳು ಮುಗಿಯಿತು, ಸೊಂಟ ಮುಗಿಯಿತು. ಬೆವರಿಗೆ ಟೇಪು ಕೈಯಿಂದ ಜಾರುತ್ತಿತ್ತು. ಆಮೇಲೆ ಲಾರಿಯ ಸದ್ದು ಹತ್ತಿರವಾಯಿತು. ಹೊರಗೆ ಹೋಗುವ ಲಾರಿಯ ಗಂಟುಗಳನ್ನು ಕೋವಿಯ ತುದಿಯಿಂದ ತಿವಿದು ನೋಡುವುದು ಹವಾಲ್ದಾರನ ಪದ್ಧತಿ. ಅವನು ಕೋವಿಗೆ ಕೈ ಚಾಚಿದ.

"ಅಲ್ಲಾಡಬೇಡಿ ಸಾರ್, ಕತ್ತು ಇನ್ನೊಂದ್ಸಲ ನೋಡ್ತೀನಿ. ಕಾಲರು ಬಿಗಿಯಾದ್ರೆ ನನ್ನೇ ಬೈತೀರಿ. ಗಲ್ಲ ಮೇಲೆತ್ತಿ. ಇನ್ನೂ ಮೇಲೆ. ಆಕಾಶ ನೋಡಿ."

ಮೂವತ್ತು ವರ್ಷದಲ್ಲಿ ದರ್ಜಿ ಒಂದೇ ಅಳತೆಯನ್ನು ಎರಡು ಸಲ ತೆಗೆದವನಲ್ಲ. ಹವಾಲ್ದಾರ ವಿಧೇಯ ಹುಡುಗನಂತೆ ತಲೆಯೆತ್ತಿ ನಿಂತ. ಲಾರಿ ಅವರ ಪಕ್ಕದಲ್ಲೇ ನಿಧಾನವಾಯಿತು. ಕ್ಯಾಪ್ಟನ್ ಬಾಗಿಲು ತೆರೆದು ಕೈ ನೀಡಿದ.

"ಹತ್ತು ಯಜಮಾನ."

ಹತ್ತಬೇಕೆಂದು ದರ್ಜಿಗೆ ಬಹಳ ಆಸೆಯಾಯಿತು. ಟೇಪು ಬಿಟ್ಟರೆ ಈ ತಲೆ ಕೆಳಗಿಳಿಯುತ್ತದೆ, ಕಣ್ಣು ಗಂಟುಗಳ ಮೇಲೆ ಬೀಳುತ್ತದೆ. ಆಚೆ ದಡದಲ್ಲಿ ಕಾಯುತ್ತಿರುವವಳಿಗೆ ಇಬ್ಬರೂ ಬರುತ್ತೇವೆಂದು ಹೇಳಿದ್ದ.

"ನೀವು ನಡೀರಿ. ಸಾಹೇಬರ ಕಾಲಿನ ಅಳತೆ ಬಾಕಿ ಇದೆ," ಎಂದ. ಮತ್ತೆ ಜೋರಾಗಿ ಕೂಗಿದ, "ಕತ್ತು ಹದಿನಾರು!"

ಕ್ಯಾಪ್ಟನ್ ಬಾಗಿಲೆಳೆದುಕೊಂಡ. ಗಂಟುಗಳಲ್ಲಿ ಒಂದು ಸ್ವಲ್ಪ ಅಲುಗಿದಂತಾಯಿತು. ಎರಡನೇ ಸಲದ ಹದಿನಾರು ಮಗಳಿಗೆ ಕೇಳಿಸಿರಬೇಕು, ಕೇಳಿಸಿದರೆ ಅರ್ಥವೂ ಆಗಿರಬೇಕು. ಲಾರಿ ಬೀದಿಯ ತಿರುವು ದಾಟಿ ಸೇತುವೆಯ ಕಡೆ ಮರೆಯಾಗುವವರೆಗೆ ದರ್ಜಿ ಟೇಪು ಸಡಿಲಿಸಲಿಲ್ಲ.

"ಇಷ್ಟೆಲ್ಲ ಕೂಗ್ತೀಯಲ್ಲ, ಬರ್ಕೊಳ್ಳೋರು ಯಾರಯ್ಯ?" ಎಂದ ಹವಾಲ್ದಾರ ಕತ್ತು ನೀವಿಕೊಳ್ಳುತ್ತ.

"ನನ್ನ ಮಗಳು ಬರ್ಕೊಳ್ತಿದ್ಲು ಸಾರ್," ಎಂದ ದರ್ಜಿ. ಏಳು ತಿಂಗಳಲ್ಲಿ ಮೊದಲ ಸಲ ಅವನಿಗೆ ಖುಷಿಯಾಗಿತ್ತು. "ಈಗ ಅಮ್ಮನ ಹತ್ತಿರ ಹೋದ್ಲು."

ಮೊಣಕಾಲೂರಿ ಕೂತು ಅವನು ಕಾಲಿನ ಅಳತೆ ತೆಗೆಯತೊಡಗಿದ. ಒಳಗೆ ಯಾರೋ ಬಾಗಿಲು ಬಡಿಯುವ ಸದ್ದು ಶುರುವಾಯಿತು.