ಕಟಿಂಗ್ ಅಂಗಡಿಯ ಕುರ್ಚಿ ಹೊರಗೆ ಬಂದ ದಿನ

ಆ ಮನೆಯಲ್ಲಿ ಬೇಸಿಗೆ ತಾನಾಗಿ ಬರುತ್ತಿರಲಿಲ್ಲ. ಅಮ್ಮ ಅಪ್ಪಣೆ ಕೊಡಬೇಕಿತ್ತು.

ಅಪ್ಪಣೆಯಾದ ದಿನ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಬಾಲ್ಕನಿಯ ಸ್ಟೂಲಿನ ಮೇಲೆ ಕೂತು ಅಮ್ಮನ ಕತ್ತರಿಗೆ ತಲೆಯೊಡ್ಡಬೇಕು. ಸ್ವೆಟರು, ಶಾಲು, ಕಾಲುಚೀಲ, ಕಂಬಳಿಗಳೆಲ್ಲ ನುಸಿಗುಳಿಗೆಯ ಜೊತೆ ದೊಡ್ಡ ಟ್ರಂಕಿಗೆ ಇಳಿಯಬೇಕು, ಟ್ರಂಕು ಅಟ್ಟಕ್ಕೆ ಏರಬೇಕು, ಬೀಗದ ಕೈ ಅಮ್ಮನ ಕೊರಳ ದಾರಕ್ಕೆ ಸೇರಬೇಕು. ಆಮೇಲೆ ಮತ್ತೆ ಚಳಿಗಾಲ ಬರುವವರೆಗೆ ಅದನ್ನು ತೆಗೆಯುವ ಮಾತೇ ಇಲ್ಲ. ಒಂದು ವರ್ಷ ಅಪ್ಪ ಕದ್ದು ಮಫ್ಲರ್ ತೆಗೆದುಕೊಂಡು ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟಿದ್ದರು. ನುಸಿಗಳು ಅವರ ಮದುವೆಯ ಕೋಟನ್ನು ಜರಡಿ ಮಾಡಿಟ್ಟವು. ಆ ಕೋಟನ್ನು ಅಮ್ಮ ಇನ್ನೂ ಎಸೆದಿರಲಿಲ್ಲ. ಅಪ್ಪ ಯಾವುದಾದರೂ ವಾದಕ್ಕೆ ನಿಂತರೆ ಅದನ್ನು ತಂದು ದೀಪದ ಮುಂದೆ ಹಿಡಿಯುತ್ತಿದ್ದಳು. ವಾದ ಅಲ್ಲಿಗೆ ಮುಗಿಯುತ್ತಿತ್ತು.

ಕಷ್ಟವಿದ್ದದ್ದು ದಿನ ಗೊತ್ತುಮಾಡುವುದರಲ್ಲಿ. ಹೋದ ವರ್ಷ ಚಳಿಯಿರುವವರೆಗೂ ಕಾಡುವ ಅಜ್ಜಿಯ ಮಂಡಿನೋವನ್ನು ನಂಬಿ ಕೂತು ಹತ್ತು ದಿನ ತಡವಾಗಿತ್ತು. ಕೆಳಗಿನ ಮನೆಯಲ್ಲಿದ್ದ ಚಿಕ್ಕಮ್ಮ, ಅಂದರೆ ಅಮ್ಮನ ಸ್ವಂತ ತಂಗಿ, ತೆಳು ಹತ್ತಿಬಟ್ಟೆ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತು, ಸ್ವೆಟರಿನಲ್ಲಿ ಬೆವರುತ್ತಿದ್ದ ಅಕ್ಕನ ಸಂಸಾರವನ್ನು ನೋಡಿ, "ಏನಕ್ಕಾ, ಎಲ್ರೂ ಹಬೇಲಿ ಬೇಯ್ತಾ ಇದೀರಲ್ಲ, ಒಲೆಯಿಂದ ಇಳಿಸೋದು ಯಾವಾಗ?" ಎಂದು ಕೇಳಿದ್ದಳು. ಆ ಮಾತು ವರ್ಷವಿಡೀ ಅಮ್ಮನನ್ನು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಅದಕ್ಕೇ ಈ ಸಲ ಅವಳು ಕಿರಿಮಗಳ ಕಡೆ ತಿರುಗಿದಳು.

ಕಿರಿಮಗಳು ಆಡಿದ ಮಾತು ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ. ಅಣ್ಣ ಅವಳಿಗೆ 'ಪಿಸುಮಾತು' ಎಂದು ಹೆಸರಿಟ್ಟಿದ್ದ, ಅದೇ ಉಳಿದುಕೊಂಡಿತ್ತು. ಹಣೆಯ ಮುಂದಿನ ಕೂದಲನ್ನು ಮೂಗಿನವರೆಗೆ ಇಳಿಬಿಟ್ಟು, ಅದರ ಸಂದಿಯಿಂದ ಅವಳು ಲೋಕವನ್ನು ನೋಡುತ್ತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಎದುರು ರಸ್ತೆಯ ಟೈಲರ್ ಅಂಗಡಿಯಲ್ಲಿ ಅಂಚು ಮಡಚಿ ಹೊಲಿಯುವುದು, ಗುಂಡಿ ಹಾಕುವುದು ಅವಳ ಕೆಲಸ. ಕೂರುವ ಜಾಗ ಕಿಟಕಿ ಪಕ್ಕ. ಕಿಟಕಿಯಾಚೆ ಕಟಿಂಗ್ ಅಂಗಡಿ.

"ನೀನು ದಿನವಿಡೀ ರಸ್ತೆ ನೋಡ್ತಾ ಕೂತಿರ್ತೀಯಲ್ಲ, ನೀನೇ ಹೇಳು. ಬೇಸಿಗೆ ಬಂತಾ?" ಎಂದಳು ಅಮ್ಮ.

ಪಿಸುಮಾತು ಕೂದಲ ಸಂದಿಯಿಂದ ಅಮ್ಮನನ್ನೇ ನೋಡಿದಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಯಾರೂ ಅವಳ ಅಭಿಪ್ರಾಯ ಕೇಳಿದವರಲ್ಲ. ಅದೂ ಅಲ್ಲದೆ ಟೈಲರ್ ಅಂಗಡಿಯ ಬಾಗಿಲ ಹಿಂದೆ ಒಂದು ಹಳದಿ ಅಂಗಿ ನೇತಾಡುತ್ತಿತ್ತು. ಯಾರದೋ ಕಿಟಕಿಯ ಪರದೆ ಹೊಲಿದು ಉಳಿದ ಬಟ್ಟೆಯಲ್ಲಿ, ಊಟದ ಬಿಡುವಿನಲ್ಲಿ ಕದ್ದುಮುಚ್ಚಿ ಅವಳೇ ಹೊಲಿದುಕೊಂಡದ್ದು. ತೋಳಿಲ್ಲ. ಬೇಸಿಗೆಯ ಅಪ್ಪಣೆಯಾಗದೆ ಅದನ್ನು ಮೈಮೇಲೆ ಹಾಕುವಂತಿಲ್ಲ.

"ಕಟಿಂಗ್ ಅಂಗಡಿಯವನು ಕುರ್ಚಿ ಹೊರಗೆ ಹಾಕಿದಾನೆ," ಎಂದಳು.

ಅದು ನಿಜವೇ. ಸೆಕೆ ಶುರುವಾದರೆ ಅವನು ಗಿರಾಕಿಗಳನ್ನು ಹೊರಗೆ ನೆರಳಲ್ಲಿ ಕೂರಿಸಿಯೇ ಕತ್ತರಿ ಆಡಿಸುವುದು. ಆದರೆ ಆ ವಾರ ಅವನು ಅಂಗಡಿಯೊಳಗೆ ಗೋಡೆಗೆ ಬಣ್ಣ ಹೊಡೆಸುತ್ತಿದ್ದ. ಅದನ್ನು ಮಾತ್ರ ಅವಳು ನುಂಗಿಕೊಂಡಳು.

ಅಮ್ಮ ಎದ್ದು ನಿಂತಳು. "ತಗೊಂಬಾ ಕತ್ತರಿ!"

"ಅದು ಬಟ್ಟೆ ಕತ್ತರಿ ಅಮ್ಮಾ, ಕೂದಲಿಗೆ ಹಾಕಿದ್ರೆ ಮೊಂಡಾಗುತ್ತೆ," ಎಂದು ಪಿಸುಮಾತು ಹೇಳಿದ್ದು ಎಂದಿನಂತೆ ಯಾರಿಗೂ ಕೇಳಿಸಲಿಲ್ಲ.

ಭಾನುವಾರ ಸಂಜೆಯ ಹೊತ್ತಿಗೆ ಅಪ್ಪನ ತಲೆ ಸುಲಿದ ಆಲೂಗಡ್ಡೆಯಂತಾಗಿತ್ತು. ಅಣ್ಣನಿಗೆ ಇಷ್ಟು ದೊಡ್ಡ ಕಿವಿಗಳಿವೆ ಎಂಬುದು ಅಣ್ಣನಿಗೇ ಗೊತ್ತಿರಲಿಲ್ಲ. ಅಜ್ಜಿ ಕನ್ನಡಿ ನೋಡಿಕೊಂಡು, "ಇನ್ನು ನಾನು ಸೈನ್ಯಕ್ಕೆ ಸೇರಿಬಿಡ್ತೀನಿ," ಎಂದರು. ಅಮ್ಮ ತನ್ನ ಜಡೆಯನ್ನೂ ಬಿಡಲಿಲ್ಲ. ಕೊನೆಗೆ ಪಿಸುಮಾತಿನ ಹಣೆಯ ಪರದೆ ಬಿತ್ತು. ಲೋಕ ಒಮ್ಮೆಲೇ ತೀರಾ ಅಗಲವಾಗಿ, ತೀರಾ ಹತ್ತಿರ ಕಂಡಿತು. ಕತ್ತರಿಸಿದ ಕೂದಲನ್ನೆಲ್ಲ ಅಮ್ಮ ಕೆಳಗಿನ ಮನೆಗೆ ಕಾಣಲೆಂದೇ ಬಾಲ್ಕನಿಯಿಂದ ಹಾರಿಬಿಟ್ಟಳು. ಟ್ರಂಕಿಗೆ ಬೀಗ ಬಿತ್ತು.

ಸೋಮವಾರ ಬೆಳಗ್ಗೆ ಎದ್ದರೆ ಮಂಜು ಮುಸುಕಿ ಎದುರಿನ ಕಟ್ಟಡವೇ ಕಾಣುತ್ತಿಲ್ಲ. ಗಾಳಿ ಬಾಗಿಲ ಸಂದಿಯಲ್ಲಿ ಸಿಳ್ಳೆ ಹೊಡೆಯುತ್ತಿತ್ತು. ಕೊಳಾಯಿ ನೀರು ಮುಟ್ಟಿದ ಅಣ್ಣ ಕಿಟಾರನೆ ಕಿರುಚಿ, ಅಮ್ಮನ ಮುಖ ನೋಡಿ, "ಆಹಾ, ಹಾಯಾಗಿದೆ," ಎಂದ.

ಯಾರೂ ಚಳಿ ಎನ್ನಲಿಲ್ಲ. ಬಸ್ ಓಡಿಸುವ ಅಪ್ಪ ನಾಲ್ಕು ಹತ್ತಿ ಅಂಗಿಗಳನ್ನು ಒಂದರ ಮೇಲೊಂದು ತೊಟ್ಟು, ಕೈ ಮಡಚಲಾಗದೆ ಬೆದರುಬೊಂಬೆಯಂತೆ ಡ್ಯೂಟಿಗೆ ಹೊರಟರು. ಅಜ್ಜಿ ಚಹಾದ ಕೆಟಲಿಗೆ ಹೊದಿಸುವ ಉಲ್ಲನ್ ಟೋಪಿ ಹಾಕಿಕೊಂಡು ಕೂತಿದ್ದರು. ಕೆಟಲಿನ ಮೂತಿಗೆಂದು ಬಿಟ್ಟಿದ್ದ ತೂತಿನಿಂದ ಒಂದು ಕಿವಿ ಇಣುಕುತ್ತಿತ್ತು.

"ಅತ್ತೆ, ಅದು ಕೆಟಲ್‌ದಲ್ವಾ?" ಎಂದಳು ಅಮ್ಮ.

"ಕೆಟಲ್‌ಗೆ ನೀನು ಕಟಿಂಗ್ ಮಾಡಿಲ್ಲವಲ್ಲ ತಾಯಿ."

ಮಂಗಳವಾರ ಸಂಜೆ ಚಿಕ್ಕಮ್ಮ ಮೆಟ್ಟಿಲೇರಿ ಬಂದಳು. ಮೈಮೇಲೆ ದಪ್ಪ ಕೋಟು, ಕೈಗೆ ಗ್ಲೌಸು, ತಲೆಗೆ ಬಿಗಿಯಾಗಿ ಸುತ್ತಿದ ಉಲ್ಲನ್ ಸ್ಕಾರ್ಫು. ಬಂದವಳೇ ಒಬ್ಬೊಬ್ಬರ ತಲೆಯನ್ನೂ ಸಾವಕಾಶವಾಗಿ ನೋಡಿದಳು.

"ಏನಕ್ಕಾ, ನಿಮ್ಮನೇಲಿ ಬೇಸಿಗೆ ಜೋರಂತೆ?"

"ಅಯ್ಯೋ, ಏನು ಸೆಕೆ ಅಂತೀಯ!" ಅಮ್ಮ ಪೇಪರ್ ಎತ್ತಿಕೊಂಡು ಗಾಳಿ ಹಾಕಿಕೊಳ್ಳತೊಡಗಿದಳು. ಅವಳ ತುಟಿ ನೀಲಿಯಾಗಿತ್ತು.

"ಹಾಗಾದ್ರೆ ಕಿಟಕಿ ಯಾಕೆ ಹಾಕಿದೀಯ?"

ಅಮ್ಮ ಎದ್ದು ಕಿಟಕಿಯ ಎರಡೂ ಬಾಗಿಲು ತೆಗೆದಳು. ಒಳಗೆ ನುಗ್ಗಿದ ಗಾಳಿಗೆ ಕ್ಯಾಲೆಂಡರು ಗೋಡೆ ಬಿಟ್ಟು ಹಾರಿತು. ನಾಲ್ಕು ಅಂಗಿಗಳೊಳಗಿಂದ ಅಪ್ಪನ ಹಲ್ಲು ಕಟಕಟಿಸುವುದು ಎಲ್ಲರಿಗೂ ಕೇಳಿತು.

"ಈ ವರ್ಷ ಸರಿಯಾಗಿ ಮೋಸ ಹೋದೆ ಕಣಕ್ಕಾ. ಒಪ್ಕೊಂಡುಬಿಡು."

"ಮೋಸ ಎಂಥದ್ದು?" ಅಮ್ಮನ ದನಿ ಏರಿತು. "ನನ್ನ ಮಗಳು ಕಣ್ಣಾರೆ ನೋಡಿ ಹೇಳಿದಾಳೆ. ಅವಳು ಮಾತಾಡೋದೇ ವರ್ಷಕ್ಕೊಂದು ಸಲ, ಅದನ್ನೂ ಸುಳ್ಳಾಡ್ತಾಳಾ? ಅವಳು ಬಂತು ಅಂದ್ರೆ ಬಂತು!"

ಪಿಸುಮಾತು ಮೂಲೆಗೆ ಇನ್ನಷ್ಟು ಒತ್ತಿಕೊಂಡಳು. ಅಡಗಿಕೊಳ್ಳಲು ಹಣೆಯ ಮೇಲೆ ಕೂದಲೂ ಇಲ್ಲ. ಈಗ ಸುಮ್ಮನಿದ್ದರೆ ಅಮ್ಮ ಅವಳ ಮಾತನ್ನು ಹಿಡಿದು ಇಡೀ ಸಂಸಾರವನ್ನು ಮರಗಟ್ಟಿಸುತ್ತಾಳೆ. ಬಾಯಿಬಿಟ್ಟರೆ ಮುಂದೆಂದೂ ಈ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಅಷ್ಟರಲ್ಲಿ ಕೆಟಲ್ ಟೋಪಿಯೊಳಗಿಂದ ಅಜ್ಜಿ ಸೀನಿದರು. ಇನ್ನೊಂದು ಸಲ ಸೀನಿದರು.

"ಬಣ್ಣ ಹೊಡೀತಿದ್ರು!"

ಕೂಗಿದ್ದು ಯಾರೆಂದು ಎಲ್ಲರೂ ಬಾಗಿಲ ಕಡೆ ನೋಡಿದರು.

"ಅಂಗಡಿ ಒಳಗೆ ಬಣ್ಣ ಹೊಡೀತಿದ್ರು, ಅದಕ್ಕೇ ಕುರ್ಚಿ ಹೊರಗಿತ್ತು. ನನಗೆ ಗೊತ್ತಿತ್ತು. ಹಳದಿ ಅಂಗಿ ಹೊಲ್ಕೊಂಡಿದ್ದೆ, ಹಾಕ್ಕೋಬೇಕು ಅಂತ ಆಸೆ ಆಯ್ತು. ಅದಕ್ಕೇ ಪೂರ್ತಿ ಹೇಳ್ಲಿಲ್ಲ. ತಪ್ಪು ನಂದು, ಅಮ್ಮಂದಲ್ಲ!"

"ಇದು ಇವಳ ದನೀನಾ?" ಎಂದ ಅಣ್ಣ. "ಇಷ್ಟು ದಿನ ಎಲ್ಲಿಟ್ಟಿದ್ಲು?"

ಚಿಕ್ಕಮ್ಮ ಚಪ್ಪಾಳೆ ತಟ್ಟಿ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ಬಾಗಿ ಬಾಗಿ ನಕ್ಕಳು. ಹಾಗೆ ಬಾಗಿದಾಗ ಪಿಸುಮಾತಿನ ಕಣ್ಣಿಗೆ ಒಂದು ಸಂಗತಿ ಬಿತ್ತು. ಚಿಕ್ಕಮ್ಮನ ತುರುಬೆಂದರೆ ಸಣ್ಣ ಕುಂಬಳಕಾಯಿಯಷ್ಟು. ಎಂಥ ಸ್ಕಾರ್ಫ್ ಕಟ್ಟಿದರೂ ಹಿಂದೆ ಉಬ್ಬಿಕೊಂಡಿರುತ್ತಿತ್ತು. ಇವತ್ತು ಅಲ್ಲಿ ಚಪ್ಪಟೆಯಾಗಿತ್ತು. ಇನ್ನೊಂದು ದಿನವಾಗಿದ್ದರೆ ಕಂಡದ್ದನ್ನು ಒಳಗೇ ಇಟ್ಟುಕೊಳ್ಳುತ್ತಿದ್ದಳು. ಆದರೆ ತೆರೆದ ಬಾಯನ್ನು ಮುಚ್ಚುವುದು ಹೇಗೆಂದು ಅವಳಿಗಿನ್ನೂ ಅಭ್ಯಾಸವಿರಲಿಲ್ಲ.

"ಚಿಕ್ಕಮ್ಮಾ, ನಿಮ್ಮ ತುರುಬು ಎಲ್ಲಿ ಹೋಯ್ತು?"

ನಗು ನಿಂತಿತು. ಚಿಕ್ಕಮ್ಮನ ಎರಡೂ ಕೈ ತಲೆಗೆ ಹೋದವು. ಅಷ್ಟರಲ್ಲಿ ಅಮ್ಮ ಹೋಗಿ ಸ್ಕಾರ್ಫಿನ ತುದಿ ಹಿಡಿದು ಎಳೆದಾಗಿತ್ತು. ಒಳಗೆ ಗಂಡುಹುಡುಗರ ಕ್ರಾಪು, ಅದೂ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ.

"ನಿಂದೇ ತಪ್ಪು!" ಚಿಕ್ಕಮ್ಮ ಅಳುದನಿ ತೆಗೆದಳು. "ಭಾನುವಾರ ಮೇಲಿಂದ ಬುಟ್ಟಿಗಟ್ಟಲೆ ಕೂದಲು ಉದುರ್ತಿತ್ತು. ಅಕ್ಕ ನನಗಿಂತ ಮುಂದೆ ಹೋಗ್ತಾಳೆ ಅಂತ ನಾನೇ ಕೂತು ಕತ್ತರಿಸ್ಕೊಂಡೆ. ಪುಣ್ಯಕ್ಕೆ ನಮ್ಮನೆ ಟ್ರಂಕಿಗೆ ಇನ್ನೂ ಬೀಗ ಹಾಕಿರ್ಲಿಲ್ಲ."

ಮೊದಲು ನಕ್ಕದ್ದು ಅಜ್ಜಿ. ಆಮೇಲೆ ಅಪ್ಪ ನಕ್ಕು ಮೇಲಿನ ಅಂಗಿಯ ಎರಡು ಗುಂಡಿ ಹಾರಿಸಿಕೊಂಡರು. ಅಮ್ಮ ತಂಗಿಯ ತಲೆ ಸವರಿ, "ಇಲ್ಲಿ ಕೂತ್ಕೋ, ಎರಡೂ ಕಡೆ ಸಮ ಮಾಡ್ತೀನಿ," ಎಂದಳು. ಅಣ್ಣ ಆಗಲೇ ಏಣಿ ತಂದು ಅಟ್ಟಕ್ಕೆ ಹಚ್ಚಿದ್ದ. ಟ್ರಂಕು ಕೆಳಗಿಳಿದು ಅಮ್ಮನ ಕೊರಳ ಬೀಗದ ಕೈ ತಿರುಗಿದ್ದೇ ತಡ, ನುಸಿಗುಳಿಗೆಯ ವಾಸನೆಯಲ್ಲಿ ಎಲ್ಲರೂ ಸ್ವೆಟರುಗಳ ಮೇಲೆ ಬಿದ್ದರು.

ಅಮ್ಮ ಮಗಳ ಕಡೆ ತಿರುಗಿದಳು. ಬೈಗುಳ ಬರುತ್ತದೆಂದು ಪಿಸುಮಾತು ಭುಜ ಕುಗ್ಗಿಸಿದಳು.

"ಎಲ್ಲೇ ಆ ಅಂಗಿ? ತಂದು ಹಾಕ್ಕೋ. ಸ್ವೆಟರ್ ಮೇಲೇ ಹಾಕ್ಕೋ. ನೋಡೋಣ."

ಅವಳು ಟೈಲರ್ ಅಂಗಡಿಗೆ ಓಡಿಹೋಗಿ ತಂದಳು. ಬೂದುಬಣ್ಣದ ಸ್ವೆಟರಿನ ಮೇಲೆ ತೋಳಿಲ್ಲದ ಹಳದಿ ಅಂಗಿ. ಚಿಕ್ಕಮ್ಮ ಅಂಚನ್ನು ತಿರುಗಿಸಿ ಹೊಲಿಗೆ ನೋಡಿ, "ಪರದೆ ಬಟ್ಟೆ ತರ ಇದೆ," ಎಂದಳು. ಅಂಚನ್ನು ಇನ್ನೊಮ್ಮೆ ಸವರಿ, "ನನಗೂ ಒಂದು ಹೊಲ್ಕೊಡ್ತೀಯೇನೇ?" ಎಂದಳು.

"ಅದಿರ್ಲಿ, ಈಗ ಪೂರ್ತಿ ನೋಡಿ ಹೇಳು," ಎಂದಳು ಅಮ್ಮ. "ಬೇಸಿಗೆ ಬಂತಾ, ಇಲ್ವಾ?"

ಪಿಸುಮಾತು ತೆರೆದ ಕಿಟಕಿಯಿಂದ ಬಗ್ಗಿ ನೋಡಿದಳು. ಎದುರುಗಡೆ ಕಟಿಂಗ್ ಅಂಗಡಿಯವನು ಕಿವಿಗೆ ಮಫ್ಲರ್ ಸುತ್ತಿಕೊಂಡು, ಬಣ್ಣದ ಕಲೆ ಬಿದ್ದ ಕುರ್ಚಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದ.

"ಇನ್ನೂ ಬಂದಿಲ್ಲ!" ಎಂದು ಅವಳು ಹೇಳಿದ ರಭಸಕ್ಕೆ ಅವನು ಬೆಚ್ಚಿ, ಕುರ್ಚಿ ಅಲ್ಲೇ ಬಿಟ್ಟು, ಯಾರು ಕೂಗಿದ್ದೆಂದು ಮೇಲೆ ನೋಡಿದ.