ಸೊಸೆ ಇಳಿಯದ ಮೂರು ನಿಮಿಷ

ನಿಮ್ಮ ಬೀದಿಯಲ್ಲೂ ಇಂಥದೊಂದು ಲಾರಿ ಇದ್ದೀತು. ತಿಂಗಳು ದುಡಿಯುತ್ತದೆ, ವಾರ ಗ್ಯಾರೇಜಿನಲ್ಲಿ ಮಲಗುತ್ತದೆ. ಯಾಕೆ ಕೆಟ್ಟಿತು ಎಂದು ಕೇಳಿದರೆ ಮಾಲೀಕ ಡ್ರೈವರ್ ಕಡೆ ಬೆರಳು ತೋರಿಸುತ್ತಾನೆ, ಡ್ರೈವರ್ ರಸ್ತೆಯ ಕಡೆ ತೋರಿಸುತ್ತಾನೆ. ಕೊನೆಗೆ ಇಬ್ಬರೂ ಸೇರಿ ಅದು ಗಾಡಿಯ ಹಣೆಬರಹ ಎನ್ನುತ್ತಾರೆ. ಗಾಡಿಗೆಂಥ ಹಣೆಬರಹ? ಅದನ್ನು ಬರೆಯುವವರು ನಾವೇ.

ದಿಬ್ಬದ ಮೇಲಿನ ಬೀದಿಯ ಕೊನೆಯ ಮನೆಯಲ್ಲೂ ಜಲ್ಲಿ ಸಾಗಿಸುವ ಒಂದು ಟಿಪ್ಪರ್ ಇತ್ತು. ಮನೆಯ ಯಜಮಾನರು ನಲವತ್ತು ವರ್ಷ ಲಾರಿ ಓಡಿಸಿದವರು. ಬೀದಿಯವರ ಬಾಯಲ್ಲಿ ಅವರು ರೇಸ್ ಮಾವ. ಗಾಡಿ ನಿಲ್ಲಿಸುವ ಮುಂಚೆ ಅವರು ಆಕ್ಸಿಲರೇಟರನ್ನು ತಳ ಮುಟ್ಟುವ ಹಾಗೆ ತುಳಿದು ಕೊನೆಯದೊಂದು ರೇಸ್ ಕೊಡುತ್ತಿದ್ದರು. ಇಂಜಿನ್ ಅಬ್ಬರಿಸುತ್ತಿರುವಾಗಲೇ ಕೀಲಿ ತಿರುಗಿಸಿ ಆಫ್ ಮಾಡುತ್ತಿದ್ದರು. ಆ ಸದ್ದು ಕೇಳಿದ ಕೂಡಲೇ ಒಳಗೆ ಅವರ ಹೆಂಡತಿ ಚಹಾಕ್ಕೆ ನೀರಿಡುತ್ತಿದ್ದರು. ಗಂಡ ಜೀವಂತವಾಗಿ ಮನೆ ಸೇರಿದ ಎನ್ನುವ ಸುದ್ದಿ ಎಷ್ಟೋ ವರ್ಷ ಆ ಸದ್ದಿನಿಂದಲೇ ಅವರಿಗೆ ಮುಟ್ಟುತ್ತಿತ್ತು.

ಮಂಡಿ ಸವೆದು ಮಾವ ಸೀಟಿನಿಂದ ಇಳಿದರು. ಮಗ ಹತ್ತುವ ಹಾಗಿರಲಿಲ್ಲ. ಅವನು ದರ್ಜಿ. ಲಾರಿ ಮೂರು ತಿರುವು ದಾಟುವಷ್ಟರಲ್ಲಿ ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡುವ ಆಸಾಮಿ. ಹಾಗಾಗಿ ಸ್ಟೀರಿಂಗ್ ಹಿಡಿದವಳು ಸೊಸೆ. ಅದೇ ಹೊತ್ತಿಗೆ ಹಳೇ ಲಾರಿ ಗುಜರಿಗೆ ಹೋಯಿತು, ಟರ್ಬೋ ಇರುವ ದೊಡ್ಡ ಡೀಸೆಲ್ ಇಂಜಿನ್ನಿನ ಟಿಪ್ಪರ್ ಬಂತು. ಸೊಸೆ ಲೈಸೆನ್ಸ್ ತೆಗೆದಳು, ಕ್ವಾರಿಯ ದಾರಿಯನ್ನೆಲ್ಲ ಕೈವಶ ಮಾಡಿಕೊಂಡಳು.

ಆದರೆ ಒಂದು ಹಕ್ಕನ್ನು ಮಾವ ಬಿಟ್ಟುಕೊಡಲಿಲ್ಲ. ಗಾಡಿ ದಿಬ್ಬ ಹತ್ತಿ ಬೀದಿಯ ಬಾಯಿಗೆ ಬಂದರೆ ಸೊಸೆ ಇಳಿಯಬೇಕು. ಅಲ್ಲಿಂದ ಮನೆಯ ಗೋಡೆಯವರೆಗಿನ ನೂರು ಹೆಜ್ಜೆ ಮಾವನದು. ಆ ಕೊನೇ ರೇಸೂ ಅವರದೇ. ಮುದುಕರಿಗೆ ಅಷ್ಟು ಸುಖವೂ ಬೇಡವೇ ಎಂದು ಅವಳು ನಗುತ್ತಲೇ ಇಳಿಯುತ್ತಿದ್ದಳು.

ವರ್ಷ ತುಂಬುವ ಮೊದಲೇ ನಗು ನಿಂತಿತು. ಮೊದಲು ಪಿಕಪ್ ಕಡಿಮೆಯಾಯಿತು. ಆಮೇಲೆ ನೀಲಿ ಹೊಗೆ ಬಂತು. ಎಲ್ಲೂ ಒಂದು ಹನಿ ಸೋರದಿದ್ದರೂ ಇಂಜಿನ್ ಆಯಿಲ್ ಇಳಿಯುತ್ತಾ ಹೋಯಿತು. ಒಂದು ದಿನ ಲೋಡಿನ ಸಮೇತ ಗಾಡಿ ದಿಬ್ಬದ ನಡುವೆ ಕೂತುಬಿಟ್ಟಿತು. ಟರ್ಬೋ ಹೋಗಿತ್ತು. ಮಾವ ಬೀದಿಯವರ ಮುಂದೆಯೇ ಸೊಸೆಯ ತಲೆಯ ಮೇಲೆ ಗೂಬೆ ಕೂರಿಸಿದರು.

"ಗಾಡಿ ಓಡಿಸೋಕೆ ಗಂಡಸಿನ ಕಾಲೇ ಬೇಕು. ನನ್ನ ಕೈಲಿ ನಲವತ್ತು ವರ್ಷ ಒಂದು ಇಂಜಿನ್ನೂ ಹೀಗೆ ಸತ್ತಿಲ್ಲ. ಇನ್ನೊಂದು ಸಲ ಹೀಗಾಗಲಿ, ಕೀಲಿ ಬೇರೆ ಡ್ರೈವರ್ ಕೈಗೆ ಹೋಗುತ್ತೆ. ನೀನು ಒಲೆ ಮುಂದೆ ಕೂತ್ಕೋ."

ಸೊಸೆಗೆ ಮೈಯೆಲ್ಲ ಉರಿಯಿತು. ಗಂಡನ ಕಡೆ ನೋಡಿದಳು. ಅವನು ಕತ್ತರಿ ಕೆಳಗಿಡದೆ, "ಅಪ್ಪ ಹೇಳೋದೂ ಒಂಥರಾ ಸರಿ, ನೀನು ಹೇಳೋದೂ ಸರಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅವನನ್ನು ನಂಬಿ ಕೂತರೆ ಕೀಲಿ ಕೈಬಿಟ್ಟ ಹಾಗೆಯೇ ಎಂದುಕೊಂಡು ಅವಳು ಗ್ಯಾರೇಜಿಗೆ ನಡೆದಳು.

ಗ್ಯಾರೇಜಿನ ಮೇಸ್ತ್ರಿ ತೀರಾ ಮೆಲ್ಲಗೆ ಮಾತಾಡುವವನು. ಅವನು ಬಿಚ್ಚಿದ ಟರ್ಬೋವನ್ನು ಅವಳ ಕೈಗಿಟ್ಟ.

"ನಡುವೆ ಇರೋ ದಂಡ ಹಿಡಿದು ಅಲ್ಲಾಡಿಸಿ ಅಕ್ಕಾ."

ದಂಡ ಸಡಿಲವಾಗಿ ಕುಣಿಯಿತು. ಅದರ ಮೈ ಸುಟ್ಟು ನೀಲಿಗಟ್ಟಿತ್ತು.

"ಹೊಗೆ ಹೊರಗೆ ಹೋಗುವಾಗ ಈ ಚಕ್ರ ತಿರುಗುತ್ತೆ. ಆ ತುದಿಯ ಚಕ್ರ ಇಂಜಿನ್ನಿಗೆ ಗಾಳಿ ತುಂಬುತ್ತೆ. ಗಾಡಿ ಎಳೀತಿರುವಾಗ ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು. ದಂಡ ಅಷ್ಟು ಜೋರಾಗಿ ತಿರುಗೋದು ಆಯಿಲ್ ಮೇಲೆ ತೇಲ್ತಾ. ಆ ಆಯಿಲ್ ಕಳಿಸೋದು ಇಂಜಿನ್ನೇ. ಇಂಜಿನ್ ಆಫ್ ಮಾಡಿದ್ರೆ ಆಯಿಲ್ ನಿಲ್ಲುತ್ತೆ. ಚಕ್ರ ತಕ್ಷಣ ನಿಲ್ಲುತ್ತಾ?"

"ಎಲ್ಲಿ ನಿಲ್ಲುತ್ತೆ? ಅಷ್ಟು ವೇಗದಲ್ಲಿರುತ್ತಲ್ಲ."

"ಹಾಂ. ಎಣ್ಣೆ ಇಲ್ಲದೇ ಒಣಒಣವಾಗೇ ತಿರುಗುತ್ತೆ. ಒಳಗೆ ಉಳಿದ ಚೂರು ಆಯಿಲ್ ಕಾವಿಗೆ ಸೀದು ಕರಿ ಕಟ್ಟುತ್ತೆ. ದಿನಾ ಹೀಗೆ ಮಾಡಿದ್ರೆ ಬೇರಿಂಗ್ ಎಷ್ಟು ದಿನ ತಡೆಯುತ್ತೆ? ಅದಕ್ಕೇ ಲೋಡು ಎಳೆದು, ದಿಬ್ಬ ಹತ್ತಿ ಬಂದ ಮೇಲೆ ಮೂರು ನಿಮಿಷ ಸ್ಟಾರ್ಟಿಂಗ್‌ನಲ್ಲೇ ಬಿಡಿ. ಆಕ್ಸಿಲರೇಟರ್ ಮುಟ್ಟಬೇಡಿ. ಚಕ್ರ ನಿಧಾನ ಆಗಲಿ, ಕಾವು ಇಳೀಲಿ, ಆಮೇಲೆ ಆಫ್ ಮಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಅಷ್ಟೇ. ಅರ್ಧ ಒಂದು ನಿಮಿಷ ರೇಸ್ ಬೇಡ, ಆಯಿಲ್ ಮೇಲೆ ಹತ್ತೋಕೆ ಬಿಡಿ. ನೀವು ಹೇಗೆ ಆಫ್ ಮಾಡ್ತೀರಿ?"

ಅವಳು ಟರ್ಬೋವನ್ನು ಕೆಳಗಿಟ್ಟಳು.

"ಆಫ್ ಮಾಡೋದು ನಾನಲ್ಲ" ಎಂದಳು.

ಮೇಸ್ತ್ರಿ ಅಲ್ಲಿಗೇ ಬಿಡಲಿಲ್ಲ. ಮೂಲೆಯಿಂದ ಏರ್ ಫಿಲ್ಟರ್ ತಂದು ಅದರ ಅಂಚಿನ ನೆಗ್ಗು ತೋರಿಸಿದ. "ಇದನ್ನ ಟೈರಿಗೆ ಬಡಿದವರು ಯಾರು?"

"ಅದು ನಾನೇ. ಕ್ವಾರಿಯಲ್ಲಿ ಎಲ್ಲರೂ ಹಾಗೇ ಧೂಳು ಕೊಡವೋದು."

"ಬಡಿದ್ರೆ ಕಾಗದ ಸೀಳುತ್ತೆ. ಸೀಳಿದ ಕಡೆ ಕಲ್ಲಿನ ಪುಡಿ ಒಳಗೆ ನುಗ್ಗುತ್ತೆ. ಆ ಪುಡಿ ಟರ್ಬೋ ರೆಕ್ಕೆಗೂ ಇಂಜಿನ್ನಿಗೂ ಉಪ್ಪುಕಾಗದ ಉಜ್ಜಿದ ಹಾಗೆ. ಕಟ್ಟಿಕೊಂಡ ಫಿಲ್ಟರ್ ಬದಲಾಯಿಸಬೇಕು ಅಕ್ಕಾ, ಬಡಿಯೋದಲ್ಲ."

ಅವಳು ಮುಖ ಸಣ್ಣದು ಮಾಡಿಕೊಂಡರೂ ತಪ್ಪನ್ನು ಒಪ್ಪಿಕೊಂಡಳು. ಗಾಡಿಗೆ ಹೊಸ ಟರ್ಬೋ, ಹೊಸ ಫಿಲ್ಟರ್, ಕಂಪನಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲ್ ಬಿತ್ತು. ಸತ್ತ ಟರ್ಬೋವನ್ನು ಗೋಣಿಯಲ್ಲಿ ಸುತ್ತಿ ಅವಳು ಸೀಟಿನ ಕೆಳಗಿಟ್ಟುಕೊಂಡಳು.

ಮೊದಲ ದಿನ ಸಂಜೆ ಗಾಡಿ ಬೀದಿಯ ಬಾಯಿಗೆ ಬಂದಾಗ ಮಾವ ಕೋಲೂರಿಕೊಂಡು ಕಾಯುತ್ತಿದ್ದರು.

"ಇಳಿಯಮ್ಮಾ."

"ಇವತ್ತು ಇಳಿಯಲ್ಲ ಮಾವ."

ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಚಹಾದಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ ನೋಡಿದ. ಸೊಸೆ ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಗಾಡಿಯನ್ನು ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಆಫ್ ಮಾಡಲಿಲ್ಲ. ಕೈ ಕಟ್ಟಿ ಕೂತಳು.

ಮಾವ ಕುಂಟುತ್ತಾ ಬಂದು ಬಾಗಿಲು ಬಡಿದರು. "ನಿಂತ ಗಾಡಿಗೆ ಡೀಸೆಲ್ ಉರಿಸ್ತೀಯಲ್ಲ, ಬುದ್ಧಿ ಇದೆಯಾ? ಆಫ್ ಮಾಡು, ಇಲ್ಲಾ ಕೀಲಿ ಕೊಡು."

"ಮೂರು ನಿಮಿಷ ಕಳೀಲಿ. ಅಲ್ಲಿವರೆಗೂ ಕೊಡಲ್ಲ."

"ಇದು ನನ್ನ ಗಾಡಿ."

"ಕೆಟ್ಟಾಗ ಮಾತ್ರ ನಂದಾಗುತ್ತಲ್ಲ ಮಾವ."

ಯಾರೋ ಕಿಸಕ್ಕನೆ ನಕ್ಕರು. ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಆದರೂ ಅವಳು ಜಗ್ಗಲಿಲ್ಲ. ಗಡಿಯಾರ ನೋಡಿಕೊಂಡು ಮೂರು ನಿಮಿಷವನ್ನೂ ಪೂರ್ತಿ ಕಳೆದು, ಮೆಲ್ಲಗೆ ಕೀಲಿ ತಿರುಗಿಸಿದಳು. ಇಂಜಿನ್ ತೆಪ್ಪಗೆ ನಿಂತಿತು.

ಮಾವ ಹುಬ್ಬು ಗಂಟಿಕ್ಕಿದರು. ಅವರ ಮಂಡಿ ಸವೆದಿತ್ತೇ ಹೊರತು ಕಿವಿ ಸವೆದಿರಲಿಲ್ಲ. "ಏನು ಕೆಡಿಸಿದೆ ಇದನ್ನ? ಆಫ್ ಮಾಡಿದ ಮೇಲೆ ಸುಯ್ ಅಂತ ಒಂದು ಸದ್ದು ಬರ್ತಿತ್ತು. ಇವತ್ತು ಬರಲೇ ಇಲ್ಲ."

ಸೊಸೆ ಆ ಮಾತಿಗೇ ಕಾದಿದ್ದವಳ ಹಾಗೆ ಕೆಳಗಿಳಿದಳು. "ಎಷ್ಟು ಹೊತ್ತು ಬರ್ತಿತ್ತು?"

"ಹತ್ತು ಎಣಿಸೋವಷ್ಟು ಹೊತ್ತು."

"ಹಳೇ ಲಾರೀಲೂ ಬರ್ತಿತ್ತಾ?"

"ಇಲ್ಲ. ಹೊಸದರಲ್ಲೇ."

"ಇಂಜಿನ್ ನಿಂತ ಮೇಲೆ ಆಯಿಲ್ ಪಂಪು ತಿರುಗುತ್ತಾ ಮಾವ?"

"ಇಂಜಿನ್ ನಿಂತ್ರೆ ಪಂಪು ಹೇಗೆ ತಿರುಗುತ್ತೆ? ಅಷ್ಟೂ ಗೊತ್ತಿಲ್ವಾ ನಿಂಗೆ?"

"ಹಾಗಾದ್ರೆ ಹತ್ತು ಎಣಿಸೋವರೆಗೂ ಒಳಗೆ ತಿರುಗ್ತಿದ್ದದ್ದು ಏನು? ಅದಕ್ಕೆ ಆಯಿಲ್ ಎಲ್ಲಿಂದ ಬರ್ತಿತ್ತು?"

ಸೊಸೆ ಸೀಟಿನ ಕೆಳಗಿನ ಗೋಣಿ ತೆಗೆದು ಬಿಚ್ಚಿ ಸತ್ತ ಟರ್ಬೋವನ್ನು ಮಾವನ ಕೈಗಿಟ್ಟಳು. ಅವರು ದಂಡ ಹಿಡಿದು ಅಲ್ಲಾಡಿಸಿದರು, ಸುಟ್ಟ ನೀಲಿಯ ಮೇಲೆ ಹೆಬ್ಬೆರಳು ಆಡಿಸಿದರು. ನಲವತ್ತು ವರ್ಷ ಇಂಜಿನ್ ಜೊತೆ ಬಾಳಿದ ಮನುಷ್ಯನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

"ಹಳೇ ಗಾಡಿಗೆ ರೇಸ್ ಕೊಟ್ರೂ ಏನೂ ಆಗ್ತಿರಲಿಲ್ಲ" ಎಂದರು ಕೊನೆಗೆ. ದನಿ ಕುಗ್ಗಿತ್ತು.

"ಅದಕ್ಕೆ ಟರ್ಬೋ ಇರಲಿಲ್ಲ. ಗಾಡಿ ಬದಲಾಯ್ತು, ನಾವು ಬದಲಾಗಲಿಲ್ಲ. ನಾನೂ ಫಿಲ್ಟರನ್ನ ಟೈರಿಗೆ ಬಡಿದು ಹಾಳು ಮಾಡಿದ್ದೀನಿ. ಅದು ನನ್ನ ತಪ್ಪು. ಆದ್ರೆ ಇದು ನನ್ನ ತಪ್ಪಲ್ಲ. ಇಡೀ ಬೀದಿ ಮುಂದೆ ನನ್ನ ಕಾಲನ್ನ ದೂರಿದ್ರಿ. ಆ ಮಾತನ್ನ ಇಲ್ಲೇ ವಾಪಸ್ ತಗೋಬೇಕು."

ದರ್ಜಿ ಕತ್ತರಿ ಹಿಡಿದೇ ಹೊಸಿಲಿಗೆ ಬಂದಿದ್ದ. ಈ ಸಲ ಅವನು, "ಅವಳು ಹೇಳೋದು ಸರಿ ಅಪ್ಪಾ" ಎಂದಷ್ಟೇ ಹೇಳಿದ.

ಮಾವ ಚಹಾದಂಗಡಿಯ ಕಡೆ ತಿರುಗಿದರು. "ಕೇಳಿಸ್ಕೊಳ್ಳಿ ಎಲ್ಲರೂ. ಟರ್ಬೋ ಕೊಂದದ್ದು ನನ್ನ ಕಾಲು. ಇವಳದಲ್ಲ." ಆಮೇಲೆ ಸೊಸೆಯ ಕಡೆ ನೋಡದೆಯೇ, "ಕೀಲಿ ನಿನ್ನ ಹತ್ರಾನೇ ಇರಲಿ" ಎಂದರು.

ಈಗಲೂ ಆ ನೂರು ಹೆಜ್ಜೆ ಮಾವನೇ ಓಡಿಸುತ್ತಾರೆ. ಸೊಸೆಯೇ ಕೊಟ್ಟ ಹಕ್ಕು ಅದು, ಕೊನೇ ರೇಸ್ ಇಲ್ಲ, ಮೂರು ನಿಮಿಷ ಕಳೆಯದೆ ಆಫ್ ಇಲ್ಲ ಎನ್ನುವ ಕರಾರಿನ ಮೇಲೆ. ಗೋಡೆಯ ಪಕ್ಕ ಗಾಡಿ ಗುರ್ರೆನ್ನುತ್ತಾ ನಿಂತಿರುತ್ತದೆ, ಇಬ್ಬರೂ ಮೇಲೆ ಕೂತಿರುತ್ತಾರೆ, ಮಾವ ಗಡಿಯಾರ ನೋಡುತ್ತಿರುತ್ತಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಅಳತೆ ಕಡ್ಡಿ ತೆಗೆದು ಆಯಿಲ್ ನೋಡುವವರೂ ಅವರೇ. ಅತ್ತೆಗೆ ಮಾತ್ರ ಇದರಿಂದ ಲಾಭವೇ ಆಗಿದೆ. "ಮೊದಲು ಅಬ್ಬರಿಸಿ ಒಳಗೆ ನುಗ್ಗಿ, ಚಹಾ ಎಲ್ಲಿ ಅಂತ ಕೂಗ್ತಿದ್ರು. ಈಗ ಇವರು ಇಳಿಯೋ ಹೊತ್ತಿಗೆ ನೀರು ಕುದ್ದಿರುತ್ತೆ" ಎನ್ನುತ್ತಾರೆ.

ಲಾರಿ, ಬಸ್ಸು, ಟ್ಯಾಂಕರ್ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ನೀವೂ ಕೊನೇ ರೇಸ್ ಕೊಡದೆ ಮೂರು ನಿಮಿಷ ಕೂತು ನೋಡಿ. ನಗುವವರು ನಗಲಿ, ಬೈಯುವವರು ಬೈಯಲಿ. ಆಯಿಲ್ ಬದಲಾಯಿಸೋದು ಮುಂದಿನ ತಿಂಗಳು ನೋಡೋಣ ಎಂದು ಮಾಲೀಕ ಹೇಳಿದರೆ, ಆಗಲ್ಲ ಎನ್ನಿ. ನೀಲಿ ಹೊಗೆ ಕಂಡರೆ, ಟರ್ಬೋ ಶಿಳ್ಳೆಯ ಸದ್ದು ಬದಲಾದರೆ ಇನ್ನೊಂದೇ ಟ್ರಿಪ್ ಎನ್ನುವ ಮಾತಿಗೆ ಒಪ್ಪಬೇಡಿ, ಗ್ಯಾರೇಜಿಗೆ ತಿರುಗಿಸಿ. ಗಾಡಿ ನಡುದಾರಿಯಲ್ಲಿ ಕೂತಾಗ ಮೊದಲು ಬೆರಳು ತೋರಿಸುವುದು ಸ್ಟೀರಿಂಗ್ ಹಿಡಿದ ನಿಮ್ಮ ಕಡೆಗೇ. ಹಾಗಿರುವಾಗ ಅದನ್ನು ಯಾವಾಗ ಆಫ್ ಮಾಡಬೇಕು ಎನ್ನುವುದನ್ನು ಹೇಳುವವರೂ ನೀವೇ ಆಗಿರಿ.